ಜೇಬಿನಲ್ಲೇ ಉಳಿದ ಟಿಕೆಟ್

"ಟಿಕೆಟ್ ತೋರ್ಸಿ ಮೇಡಮ್."

ಮೈತ್ರೇಯಿಯ ಕೈಯಲ್ಲಿದ್ದ ಕಾಫಿ ತುಳುಕಿತು. ಡೆಟ್ರಾಯ್ಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ, ಅದೂ ಟ್ರ್ಯಾಮಿನೊಳಗೆ, ಬೆನ್ನ ಹಿಂದಿನಿಂದ ಯಾರೋ ಕನ್ನಡದಲ್ಲಿ ಟಿಕೆಟ್ ಕೇಳಿದರೆ ಯಾರಿಗೆ ತಾನೇ ಎದೆ ಧಸಕ್ ಅನ್ನುವುದಿಲ್ಲ?

ತಿರುಗಿ ನೋಡಿದಳು. ನೀಲಿ ಜಾಕೆಟ್ಟು, ಎರಡು ದಿನ ಶೇವ್ ಮಾಡದ ಗಡ್ಡ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಇದು... ಇದು ಫ್ರೀ ಅಲ್ವಾ?"

"ಇಲ್ಲಿ ಫ್ರೀ. ಸ್ಟ್ರಾಸ್‌ಬರ್ಗಲ್ಲಿ ಅಲ್ಲ. ಅಲ್ಲಾಗಿದ್ರೆ ಇಷ್ಟು ಹೊತ್ತಿಗೆ ನಿಮಗೆ ದಂಡ ಹಾಕಿ, ಸುತ್ತ ಇರೋರೆಲ್ಲ ನಿಮ್ಮನ್ನೇ ನೋಡ್ತಾ ಇರ್ತಿದ್ರು." ಅವನು ಎದುರಿನ ಸೀಟಿನಲ್ಲಿ ಕುಳಿತ. "ನಾನು ಸಮರ್ಥ. ಕೌಸಲ್ಯಾ ಆಂಟಿ ಹೇಳಿದ್ರಲ್ಲ."

ಅಬ್ಬಾ, ಎಷ್ಟು ಕೊಬ್ಬು ಈ ಮನುಷ್ಯನಿಗೆ! ಮೈತ್ರೇಯಿಗೆ ಮೈಯೆಲ್ಲ ಉರಿದುಹೋಯಿತು. ನಮಸ್ಕಾರ ಇಲ್ಲ, ಚೆನ್ನಾಗಿದೀರಾ ಇಲ್ಲ, ಬಂದವನೇ ಹೆದರಿಸುವುದೇ? ಇಳಿದು ಹೋಗಿಬಿಡೋಣ ಅನ್ನಿಸಿತು. ಆದರೆ ಇಳಿದು ಹೋಗುವುದಾದರೂ ಹೇಗೆ? ಅವಳನ್ನು ಸ್ಟಾಪಿನವರೆಗೆ ಕಾರಿನಲ್ಲಿ ಬಿಟ್ಟು ಹೋದವರು ಕೌಸಲ್ಯಾ ಆಂಟಿಯ ಗಂಡ ಶೇಷಗಿರಿ ಅಂಕಲ್, ವಾಪಸ್ ಕರೆದುಕೊಂಡು ಹೋಗಲು ಅವರು ಬರುವುದು ಇನ್ನು ಎರಡು ಗಂಟೆ ಬಿಟ್ಟು.

ನಮ್ಮ ಮೈತ್ರೇಯಿಯ ಕಷ್ಟವೇ ಅದು. ಇಪ್ಪತ್ತೆಂಟು ವರ್ಷವಾದರೂ ಅವಳನ್ನು ಯಾವಾಗಲೂ ಯಾರೋ ಒಬ್ಬರು "ಬಿಟ್ಟು ಬರುತ್ತಿದ್ದರು". ಮೈಸೂರಿನಲ್ಲಿ ಕಾಲೇಜಿಗೆ ಅಪ್ಪನ ಸ್ಕೂಟರು. ಇಲ್ಲಿ ಮೂರನೇ ಸಲ ಟೆಸ್ಟ್ ಪಾಸಾಗಿ ಲೈಸೆನ್ಸ್ ಬಂದರೂ, ರಾಚೆಸ್ಟರ್ ಹಿಲ್ಸ್‌ನಿಂದ ಸ್ಟರ್ಲಿಂಗ್ ಹೈಟ್ಸ್‌ನ ಆಫೀಸಿಗೆ, ಆಫೀಸಿನಿಂದ ಮನೆಗೆ, ಅಷ್ಟೇ. ಹೈವೇಯಲ್ಲಿ ಬೇರೆ ಎಕ್ಸಿಟ್ ತಗೊಂಡರೆ ಕೈ ಬೆವರುತ್ತಿತ್ತು.

ಅಂಥವಳ ತಲೆಯ ಮೇಲೆ ಮಾರ್ಚ್ ಕೊನೆಯಲ್ಲಿ ಬಂಡೆ ಬಿತ್ತು. ಕೆಲಸದ ವೀಸಾ ಕೊಡುವ ಎಚ್-ಒನ್ ಲಾಟರಿಯಲ್ಲಿ ಅವಳ ಹೆಸರು ಬರಲಿಲ್ಲ. ಅದು ಮೂರನೆಯ ಸಲ, ಕೊನೆಯ ಸಲ. ಜೂನ್ ಮುಗಿಯುವುದರೊಳಗೆ ಅಮೆರಿಕ ಬಿಡಬೇಕು. ಕಾರಿನ ಸೀಟು ತಯಾರಿಸುವ ಅವಳ ಕಂಪನಿ ಕೈಬಿಡಲಿಲ್ಲ, "ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಆಫೀಸಿಗೆ ಹೋಗು" ಎಂದಿತು. ಅಲ್ಲಿ ಓಡಾಟವೆಲ್ಲ ಟ್ರ್ಯಾಮಿನಲ್ಲಿ. ಬಿಟ್ಟು ಬರುವವರು ಯಾರೂ ಇಲ್ಲ.

ಅವಳು ಬಾಡಿಗೆಗಿದ್ದ ಬೇಸ್‌ಮೆಂಟಿನ ಒಡತಿ ಕೌಸಲ್ಯಾ ಆಂಟಿ ಅಂದೇ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹುಡುಕಿ, ಅವಳಿಗೆ ಓಡಾಟ ಕಲಿಸಲು ಸಮರ್ಥನನ್ನು ಹಿಡಿದರು. ಅವನು ಅದೇ ಕಂಪನಿಯ ಇನ್ನೊಂದು ಕಟ್ಟಡದಲ್ಲಿದ್ದ, ಇಲ್ಲಿಗೆ ಬರುವ ಮುಂಚೆ ಎರಡು ವರ್ಷ ಸ್ಟ್ರಾಸ್‌ಬರ್ಗ್‌ನಲ್ಲಿ ಇದ್ದವನು.

"ಸಾರಿ," ಅಂದ ಸಮರ್ಥ, ಅವಳ ಮುಖ ನೋಡಿ. "ಹೆದರ್ಸಿದ್ದು ಬೇಕಂತಲೇ. ಅಲ್ಲಿಗೆ ಹೋಗಿ ನಾಲ್ಕನೇ ದಿನಕ್ಕೆ ನಂಗೆ ದಂಡ ಬಿದ್ದಿತ್ತು. ಟಿಕೆಟ್ ಇತ್ತು ರೀ. ದುಡ್ಡು ಕೊಟ್ಟು ತಗೊಂಡು, ಭದ್ರವಾಗಿ ಜೇಬಲ್ಲಿ ಇಟ್ಕೊಂಡಿದ್ದೆ."

"ಮತ್ತೆ?"

"ಹತ್ತೋ ಮುಂಚೆ ಸ್ಟಾಪಲ್ಲಿರೋ ಮೆಷಿನ್‌ಗೆ ಅದನ್ನ ತೋರ್ಸಿ ಟಿಂಗ್ ಅನ್ನಿಸ್ಬೇಕು. ನಂಗೆ ಹೇಗೆ ಗೊತ್ತಾಗ್ಬೇಕು? ನಮ್ಮ ಸಿಟಿ ಬಸ್ಸಲ್ಲಿ ಕಂಡಕ್ಟರೇ ಬಂದು 'ಯಾರ್ರೀ ಟಿಕೆಟ್' ಅಂತ ಕೇಳ್ತಾರೆ. ಕೇಳೋವರೆಗೂ ಸುಮ್ನೆ ನಿಂತಿರೋ ಜನ ನಾವು." ಪರ್ಸ್ ತೆಗೆದು, ಸುಕ್ಕಾದ ಒಂದು ಚೀಟಿ ತೋರಿಸಿದ. "ಇದೇ ಆ ಟಿಕೆಟ್. ಟಿಂಗ್ ಅನ್ನಿಸ್ದೇ ಇದ್ದಿದ್ರಿಂದ ಯಾವ ಪ್ರಯೋಜನಕ್ಕೂ ಬರ್ಲಿಲ್ಲ."

ಮೈತ್ರೇಯಿಗೆ ನಗು ತಡೆಯಲಾಗಲಿಲ್ಲ.

ಅವತ್ತಿನಿಂದ ಪ್ರತಿ ಶನಿವಾರ ಪಾಠ. ಕ್ಯೂ-ಲೈನ್ ಟ್ರ್ಯಾಮು ಇರುವುದೇ ಮೂರು ಚಿಲ್ಲರೆ ಮೈಲಿ, ಗ್ರ್ಯಾಂಡ್ ಬುಲೆವಾರ್ಡ್‌ನಿಂದ ನದಿಯ ಹತ್ತಿರದವರೆಗೆ. ಅಷ್ಟರಲ್ಲೇ ಸಮರ್ಥ ಒಂದಿಡೀ ಫ್ರೆಂಚ್ ನಗರ ಕಟ್ಟಿಬಿಟ್ಟ. ಈ ಸ್ಟಾಪು ಅಲ್ಲಿನ ರೈಲ್ವೆ ಸ್ಟೇಷನ್ನು, ಆ ಸ್ಟಾಪು ನಿಮ್ಮ ಆಫೀಸು. ಇಲ್ಲಿ ಎ ಲೈನ್ ಇಳಿದು ಡಿ ಲೈನ್ ಹಿಡೀರಿ. ಡಿ ಲೈನಲ್ಲಿ ನಿದ್ದೆ ಮಾಡಿದ್ರೆ ಹೊಳೆ ದಾಟಿ ಜರ್ಮನಿಯಲ್ಲಿ ಏಳ್ತೀರಿ, ಹುಷಾರು!

ಹತ್ತುವ ಮುಂಚೆ ಸ್ಟಾಪಿನ ಕಂಬವನ್ನು ಮುಟ್ಟಬೇಕು. ಅದೇ ಮೆಷಿನ್ನು. ಅವಳು ಮುಟ್ಟಿದರೆ ಅವನು "ಟಿಂಗ್" ಅನ್ನಬೇಕು. ಮರೆತರೆ ಅವತ್ತಿನ ಕಾಫಿ ಅವಳ ಲೆಕ್ಕ. ಒಂದು ಶನಿವಾರ ಯಾರೋ ಅಜ್ಜಿ ಇವರಿಬ್ಬರನ್ನೂ ನೋಡಿ ನೋಡಿ, ತಾನೂ ಹೋಗಿ ಕಂಬ ಮುಟ್ಟಿ ಬಂದಳು. ಸಮರ್ಥ ಅವಳಿಗೂ ಟಿಂಗ್ ಅಂದ.

ಅವತ್ತು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ಕುಳಿತಾಗಲೇ ಮೈತ್ರೇಯಿಗೆ ಗೊತ್ತಾಯಿತು. 'ಅಯ್ಯೋ ದೇವರೇ... ನಂಗೆ ಇವನು ಬೇಕು.'

ಗೊತ್ತಾದದ್ದೇ ತಡ, ನಿದ್ದೆ ಹೋಯಿತು. ಸೋಮವಾರದಿಂದಲೇ ಶನಿವಾರಕ್ಕೆ ಚಡಪಡಿಕೆ. ಶನಿವಾರ ಬಂದರೆ, ಅಯ್ಯೋ ಇನ್ನೊಂದು ಶನಿವಾರ ಕಡಿಮೆಯಾಯಿತಲ್ಲ ಅನ್ನುವ ಸಂಕಟ. ಫೋನು ತೆಗೆದು ಅವನ ಹೆಸರು ನೋಡುವುದು, ಇಡುವುದು, ಮತ್ತೆ ತೆಗೆಯುವುದು. ಈ ವಾರ ಹೇಳೇಬಿಡ್ತೀನಿ ಅಂತ ಮೂರು ವಾರ ಅಂದುಕೊಂಡಳು.

ಹೇಳುತ್ತಿದ್ದಳೇನೋ. ಅಷ್ಟರಲ್ಲಿ ಕೌಸಲ್ಯಾ ಆಂಟಿ ಇಬ್ಬರನ್ನೂ ಊಟಕ್ಕೆ ಕೂರಿಸಿದರು.

ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಎಲ್ಲ ಚೆನ್ನಾಗಿಯೇ ನಡೆದಿತ್ತು. ಸಾರು ಬಡಿಸುತ್ತಾ ಆಂಟಿ ಸೌಟು ಹಿಡಿದೇ ನಿಂತರು.

"ನೋಡಪ್ಪ ಸಮರ್ಥ, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನಿಂಗೆ ಎಚ್-ಒನ್ ಇದೆ. ಗ್ರೀನ್ ಕಾರ್ಡ್ ಸಾಲಲ್ಲೂ ಇದೀಯ. ಇವಳನ್ನ ಮದುವೆ ಆಗ್ಬಿಟ್ರೆ ಇವಳಿಗೆ ಹೆಂಡ್ತಿ ಅಂತ ಎಚ್-ಫೋರ್ ವೀಸಾ ಸಿಗುತ್ತೆ. ಮಗು ಆ ಗೊತ್ತಿಲ್ದಿರೋ ಊರಿಗೆ ಹೋಗೋದೇ ಬೇಡ. ಎಷ್ಟು ಜನ ಹಂಗೆ ಮಾಡ್ಕೊಂಡಿಲ್ಲ?"

"ಕೌಸಲ್ಯಾ, ಮೊದಲು ತುಪ್ಪ ಹಾಕು," ಅಂದರು ಶೇಷಗಿರಿ ಅಂಕಲ್, ತಟ್ಟೆಯಿಂದ ತಲೆ ಎತ್ತದೆ.

ಮೈತ್ರೇಯಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಷ್ಟು ದಿನ ಎದೆಯಲ್ಲಿ ಜೋಪಾನ ಮಾಡಿದ್ದನ್ನು ಆಂಟಿ ಹೀಗೆ ಸಾರಿನ ಜೊತೆ ಬಡಿಸಿಬಿಟ್ಟರಲ್ಲ...

ಸಮರ್ಥನ ಮುಖ ಗಂಟಾಗಿತ್ತು. "ಪೇಪರ್‌ಗೋಸ್ಕರ ಆಗೋ ಮದುವೆ ನಂಗೆ ಬೇಡ ಆಂಟಿ."

"ನಂಗೂ ಬೇಡ," ಅಂದಳು ಮೈತ್ರೇಯಿ, ಅವನಿಗಿಂತ ಜೋರಾಗಿ.

ಅವಮಾನವಾದಾಗ ಬಾಯಿ ಎಷ್ಟು ಬೇಗ ಓಡುತ್ತದೆ ನೋಡಿ.

ಆ ರಾತ್ರಿ ಬೇಸ್‌ಮೆಂಟಿನಲ್ಲಿ ಕುಳಿತು ಯೋಚಿಸಿದಷ್ಟೂ ಅವಳಿಗೆ ಒಂದೇ ಕಂಡಿತು. ಇನ್ನು ಅವಳು ಯಾವ ಮಾತಿನಲ್ಲಿ ಹೇಳಿದರೂ, ನೀವಂದ್ರೆ ಇಷ್ಟ ಅಂದರೂ, ನಿಮ್ಮ ಜೊತೆ ಇರಬೇಕು ಅಂದರೂ, ಅವನ ಕಿವಿಗೆ ಬೀಳುವುದು ಎಚ್-ಫೋರ್ ಒಂದೇ. ಲಾಟರಿಯಲ್ಲಿ ಸಿಗದ್ದನ್ನು ಇವಳು ನನ್ನಿಂದ ತಗೋಬೇಕು ಅಂತ ನೋಡ್ತಿದಾಳೆ ಅಂದುಕೊಳ್ಳುತ್ತಾನೆ. ಅಂದುಕೊಳ್ಳದಿದ್ದರೂ, ಅಂದುಕೊಂಡನೇನೋ ಅಂತ ಇವಳು ಜೀವನಪೂರ್ತಿ ಕೊರಗುತ್ತಾಳೆ.

ಬಾಯಿಗೆ ಬೀಗ ಬಿತ್ತು.

ಜೂನ್ ಮೊದಲ ವಾರ ಫ್ರೆಂಚ್ ವೀಸಾಕ್ಕೆ ಶಿಕಾಗೋಗೆ ಹೋಗಬೇಕಿತ್ತು. "ನಾನೂ ಬರ್ತೀನಿ," ಅಂದ ಸಮರ್ಥ. "ಇದೇ ನಿಮ್ಮ ಪರೀಕ್ಷೆ. ಪಕ್ಕದಲ್ಲಿರ್ತೀನಿ, ಆದ್ರೆ ಬಾಯಿ ಬಿಡಲ್ಲ."

ಟ್ರಾಯ್‌ನಿಂದ ಬೆಳಗಿನ ರೈಲು ಹಿಡಿದರು. ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು ಅವಳೇ ದಾರಿ ಹುಡುಕಿ, ಅವಳೇ ನಡೆದು, ವೀಸಾ ಆಫೀಸಿನಲ್ಲಿ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟ್ ಒಪ್ಪಿಸಿ ಹೊರಗೆ ಬಂದಳು. ಇನ್ನು ಊಟಕ್ಕೆ ಡೆವನ್ ಅವೆನ್ಯೂಗೆ ಹೋಗಬೇಕು. ರೆಡ್ ಲೈನ್ ರೈಲು, ಆಮೇಲೆ ಬಸ್ಸು. ಕಾರ್ಡು ಮುಟ್ಟಿಸಿ ಗೇಟು ದಾಟಿದಳು, ಬಂದ ರೈಲು ಹತ್ತಿದಳು. ಹೆಮ್ಮೆಯಿಂದ ಅವನ ಕಡೆ ನೋಡಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ.

ಆರು ಸ್ಟೇಷನ್ ದಾಟಿದ ಮೇಲೆ ಅವಳಿಗೆ ಅನುಮಾನ ಬಂತು. ಫೋನ್ ತೆಗೆದು ನೋಡಿದರೆ ರೈಲು ದಕ್ಷಿಣಕ್ಕೆ ಓಡುತ್ತಿತ್ತು. ಡೆವನ್ ಇದ್ದದ್ದು ಉತ್ತರಕ್ಕೆ.

"ಸಮರ್ಥ, ನಾವು ಉಲ್ಟಾ ಹೋಗ್ತಿದೀವಿ!"

"ಹೂಂ."

"ಗೊತ್ತಿತ್ತಾ? ಮತ್ತೆ ಯಾಕ್ರೀ ಹೇಳ್ಲಿಲ್ಲ?"

ಅವನು ಸ್ವಲ್ಪ ತಡವರಿಸಿದ. "ಅಲ್ಲಿ ನಾನು ಇರಲ್ವಲ್ಲ."

ಅಷ್ಟೇ ಮಾತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಎದುರು ದಿಕ್ಕಿನ ರೈಲು ಹತ್ತಿ, ಬಸ್ಸು ಬದಲಾಯಿಸಿ ಡೆವನ್‌ಗೆ ಹೋಗುವವರೆಗೂ ಮೈತ್ರೇಯಿ ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ಇದ್ದಳು. ಸೀರೆ ಅಂಗಡಿಗಳ ಮುಂದೆ ಜಾತ್ರೆಯಂಥ ಜನ. ಹೋಟೆಲಿನಲ್ಲಿ ದೋಸೆ ಬಂತು. ಮುರಿದು ಮುರಿದು ತಟ್ಟೆಯಲ್ಲೇ ಇಟ್ಟಳು.

"ಒಂದ್ ಮಾತು ಕೇಳ್ತೀನಿ," ಅಂದಳು ಕೊನೆಗೆ. "ನಾನು ಹೋಗ್ಲಿ ಅಂತಾನೇ ಇಷ್ಟು ಮುತುವರ್ಜಿಯಿಂದ ಕಲಿಸ್ತಿದೀರಾ?"

ಸಮರ್ಥ ಅವಳನ್ನು ನೋಡಿದ. "ಹೋಗ್ಬೇಕಲ್ವಾ ನೀವು? ಕೆಲಸ ಅಲ್ಲಿದೆ. ಯಾರ ಹಂಗೂ ಇಲ್ದೆ ಓಡಾಡೋ ಹಾಗಾಗ್ಬೇಕು." ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಅವಳ ಮುಂದೆ ಇಟ್ಟ. ಪುಟಪುಟಕ್ಕೂ ಅವನ ಕೈಬರಹ. ಯಾವ ಸ್ಟಾಪಿನಿಂದ ಯಾವ ಲೈನು, ಯಾವ ಬಾಗಿಲಿನಿಂದ ಇಳಿದರೆ ಮೆಟ್ಟಿಲು ಹತ್ತಿರ, ಎಲ್ಲಿ ಕರಿಬೇವು ಸಿಗುತ್ತದೆ, ಭಾನುವಾರ ಯಾವ ಅಂಗಡಿ ತೆರೆದಿರುತ್ತದೆ.

ಪ್ರೀತಿಯಿಲ್ಲದವನು ಕರಿಬೇವು ಸಿಗುವ ಅಂಗಡಿಯ ನಕ್ಷೆ ಬರೆಯುತ್ತಾನೆಯೇ? ನಿಮಗೂ ನನಗೂ ಹೊಳೆಯುತ್ತದೆ. ನೊಂದವಳಿಗೆ ಹೊಳೆಯಲಿಲ್ಲ. 'ಎಷ್ಟು ಅಚ್ಚುಕಟ್ಟಾಗಿ ಸಾಗಹಾಕ್ತಿದಾನೆ ನನ್ನ' ಅಂದುಕೊಂಡಳು.

ಮರುದಿನ ಮೆಸೇಜ್ ಕಳಿಸಿದಳು. "ಇನ್ನು ಪಾಠ ಬೇಡ. ಎಲ್ಲಾ ಕಲಿತಾಯ್ತು. ಥ್ಯಾಂಕ್ಸ್."

"ಸರಿ" ಅಂತ ಬಂತು ಉತ್ತರ.

ಆಮೇಲಿನ ಎರಡು ವಾರ ಹೇಗೆ ಕಳೆಯಿತೋ ಅವಳಿಗೇ ಗೊತ್ತಿಲ್ಲ. ಸೂಟ್‌ಕೇಸು ತುಂಬುವುದು, ಮತ್ತೆ ಬಿಚ್ಚುವುದು. ಒಲೆ ಮೇಲೆ ಹಾಲು ಇಟ್ಟು ಮರೆಯುವುದು. ಕೂತಲ್ಲಿ ಕೂರಲಾಗದೆ ಬಡಾವಣೆಯ ರಸ್ತೆಗಳಲ್ಲಿ ಗೊತ್ತುಗುರಿಯಿಲ್ಲದೆ ನಡೆಯುವುದು. ಒಂದು ಸಂಜೆ ಹಾಗೆ ನಡೆಯುತ್ತಾ, ಅಂಚೆಪೆಟ್ಟಿಗೆಗಳ ಹತ್ತಿರ ನಿಂತು ಒಂದು ಪೆಟ್ಟಿಗೆ ಮುಟ್ಟಿದಳು. ಟಿಂಗ್ ಅನ್ನುವವರು ಯಾರೂ ಇರಲಿಲ್ಲ. ಅಲ್ಲೇ ಅತ್ತುಬಿಟ್ಟಳು.

ಕೌಸಲ್ಯಾ ಆಂಟಿ ಎಲ್ಲ ನೋಡುತ್ತಲೇ ಇದ್ದರು. ಒಂದು ಮಧ್ಯಾಹ್ನ ಚಪಾತಿ ಲಟ್ಟಿಸುತ್ತಾ ಹೇಳಿದರು, "ನಂದೇ ತಪ್ಪು ಕಣೇ. ಆವತ್ತು ಊಟದಲ್ಲಿ ಆ ಮಾತು ಎತ್ತಬಾರದಿತ್ತು. ನೀವಿಬ್ರೂ ಒಬ್ಬರನ್ನೊಬ್ಬರು ನೋಡೋ ರೀತಿ ನೋಡಿ, ವೀಸಾ ಅನ್ನೋದು ಒಂದು ನೆಪ ಆಗ್ಲಿ ಅಂದ್ಕೊಂಡೆ. ಅದೇ ಅಡ್ಡ ಆಯ್ತು."

"ನೋಡೋ ರೀತಿನಾ? ಇಬ್ರೂ?"

"ನನ್ನ ಕಣ್ಣಿಗೇನು ಪೊರೆ ಬಂದಿದ್ಯಾ?"

ಮೈತ್ರೇಯಿ ಉತ್ತರ ಕೊಡುವುದರೊಳಗೆ ಬೆಲ್ ಆಯಿತು. ಕೊರಿಯರ್. ಲಕೋಟೆ ಹರಿದು ಪಾಸ್‌ಪೋರ್ಟ್ ತೆಗೆದಳು. ಒಳಗೆ ಫ್ರೆಂಚ್ ವೀಸಾ ಅಂಟಿಸಿತ್ತು, ಅವಳ ಫೋಟೊ ಸಮೇತ.

ಅದನ್ನು ನೋಡುತ್ತಾ ಬಾಗಿಲಲ್ಲೇ ನಿಂತಳು. ಮೊದಲು ಅನ್ನಿಸಿದ್ದು, ಇನ್ನು ಹೋಗಲೇಬೇಕಲ್ಲ ಅಂತ. ಹಿಂದೆಯೇ ಇನ್ನೊಂದು ಯೋಚನೆ ಬಂತು, ಬಂದದ್ದೇ ಅವಳು ಪಾಸ್‌ಪೋರ್ಟನ್ನು ಎದೆಗೆ ಒತ್ತಿಕೊಂಡಳು.

'ವೀಸಾ ಬಂತು. ಕೆಲಸ ಇದೆ. ವಿಮಾನದ ಟಿಕೆಟ್ ಇದೆ. ಈಗ ನಂಗೆ ಸಮರ್ಥನಿಂದ ಯಾವ ಪೇಪರೂ ಬೇಕಾಗಿಲ್ಲ... ಈಗ ಹೇಳಬಹುದು!'

ಫೋನ್ ತೆಗೆದಳು. "ಶನಿವಾರ ಒಂದು ಕೊನೇ ಪಾಠ. ಹತ್ತು ಗಂಟೆ, ಗ್ರ್ಯಾಂಡ್ ಬುಲೆವಾರ್ಡ್. ಬರ್ತೀರಾ?"

ಉತ್ತರಕ್ಕೆ ಕಾಯುವ ಐದು ನಿಮಿಷದಲ್ಲಿ ಅವಳು ಅಡುಗೆಮನೆಯನ್ನು ಹನ್ನೆರಡು ಸಲ ಸುತ್ತಿದಳು. ಆಂಟಿ ಚಪಾತಿ ಸೀಯಿಸಿದರು.

"ಬರ್ತೀನಿ."

ಶನಿವಾರ ಶೇಷಗಿರಿ ಅಂಕಲ್ ಕಾರಿನ ಕೀ ತಗೊಂಡರು. "ಬಾಮ್ಮ, ಬಿಟ್ಟು ಬರ್ತೀನಿ."

"ಬೇಡ ಅಂಕಲ್. ನಾನೇ ಹೋಗ್ತೀನಿ."

ರಾಯಲ್ ಓಕ್‌ವರೆಗೆ ಡ್ರೈವ್ ಮಾಡಿ, ಅಲ್ಲಿ ಕಾರು ನಿಲ್ಲಿಸಿ, ವುಡ್‌ವರ್ಡ್ ಬಸ್ಸು ಹಿಡಿದು ಅವಳು ಸ್ಟಾಪಿಗೆ ಬಂದಾಗ ಸಮರ್ಥ ಆಗಲೇ ಕಂಬಕ್ಕೆ ಒರಗಿ ನಿಂತಿದ್ದ. ಅದೇ ನೀಲಿ ಜಾಕೆಟ್ಟು. ಗಡ್ಡ ಮಾತ್ರ ಎರಡು ದಿನದ್ದಲ್ಲ, ಎರಡು ವಾರದ್ದು.

"ಅಂಕಲ್ ಎಲ್ಲಿ?"

"ಬಸ್ಸಲ್ಲಿ ಬಂದೆ. ಒಬ್ಳೇ."

ಅವನ ಮುಖ ಅರಳಿತು, ಮತ್ತೆ ಬಾಡಿತು. ಅವಳು ಹ್ಯಾಂಡ್‌ಬ್ಯಾಗಿನಿಂದ ಪಾಸ್‌ಪೋರ್ಟ್ ತೆಗೆದು, ವೀಸಾ ಇದ್ದ ಪುಟ ಬಿಡಿಸಿ ಅವನ ಕಣ್ಣ ಮುಂದೆ ಹಿಡಿದಳು.

"ನೋಡಿದ್ರಾ? ಬಂತು. ಬರೋ ಗುರುವಾರ ಫ್ಲೈಟು. ಇನ್ನು ನಿಮ್ಮ ಎಚ್-ಒನ್‌ನಿಂದ ನಂಗೆ ಏನೂ ಆಗ್ಬೇಕಾಗಿಲ್ಲ. ನಿಮ್ಮ ಗ್ರೀನ್ ಕಾರ್ಡ್ ಸಾಲೂ ಬೇಡ. ಇದು ನಿಮಗೆ ಸರಿಯಾಗಿ ಅರ್ಥ ಆಗ್ಬೇಕು, ಆಮೇಲೆ ನಾನು ಮುಂದಿನ ಮಾತು ಹೇಳ್ತೀನಿ. ಅರ್ಥ ಆಯ್ತಾ?"

"ಆಯ್ತು."

"ನಂಗೆ ನೀವು ಇಷ್ಟ. ತುಂಬಾ ಇಷ್ಟ. ಆ ಅಜ್ಜಿಗೆ ಟಿಂಗ್ ಅಂದ್ರಲ್ಲ, ಅವತ್ತಿಂದ. ನೀವು ಕೇಳಲಿ ಅಂತ ಕಾಯ್ತಾ ಕೂತಿದ್ದೆ, ಕಂಡಕ್ಟರ್ ಬರ್ತಾನೆ ಅಂತ ಕಾಯೋ ಹಾಗೆ. ಟಿಕೆಟ್ ಜೇಬಲ್ಲೇ ಇಟ್ಕೊಂಡು ಹೊರಟುಹೋದ್ರೆ ಜೀವನಪೂರ್ತಿ ದಂಡ ಕಟ್ಬೇಕಾಗುತ್ತೆ ಅನ್ನಿಸ್ತು. ಅದಕ್ಕೆ ಹೇಳ್ದೆ. ನೀವು ಏನೂ ಹೇಳ್ಬೇಕಾಗಿಲ್ಲ."

ಟ್ರ್ಯಾಮು ಬಂತು. ಬಾಗಿಲು ತೆರೆಯಿತು. ಇಬ್ಬರೂ ಕದಲಲಿಲ್ಲ. ಬಾಗಿಲು ಮುಚ್ಚಿತು, ಹೋಯಿತು.

"ಶಿಕಾಗೋದಲ್ಲಿ," ಅಂದ ಸಮರ್ಥ ನಿಧಾನವಾಗಿ, "ಉಲ್ಟಾ ರೈಲು ಹತ್ತಿದ್ರಲ್ಲ. ನಾನು ಸುಮ್ನಿದ್ದಿದ್ದು ಪಾಠ ಕಲಿಸೋಕಲ್ಲ. ಅದು ಸುಳ್ಳು."

"ಮತ್ತೆ?"

"ಉಲ್ಟಾ ಹೋದ್ರೆ ಇನ್ನೊಂದರ್ಧ ಗಂಟೆ ಜಾಸ್ತಿ ನಿಮ್ಮ ಪಕ್ಕ ಕೂತಿರ್ಬೋದಿತ್ತು."

ಮೈತ್ರೇಯಿಯ ಕಣ್ಣು ತುಂಬಿ ಬಂತು. "ಹುಚ್ಚು... ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಆಂಟಿ ಎಲ್ಲರ ಮುಂದೆ ವೀಸಾ ಮಾತು ಎತ್ತಿದ ಮೇಲೆ, ನಾನು ಇಷ್ಟ ಅಂದ್ರೆ ನಿಮಗೆ ಅದು ದಾನ ಕೊಟ್ಟ ಹಾಗೆ ಕೇಳ್ಸುತ್ತೆ. ಬೇಡ ಅನ್ನೋಕೂ ಆಗ್ದೆ ಒಪ್ಕೊಂಡ್ರೆ? ಇಲ್ಲೇ ಉಳ್ಕೊಂಡು, ಎಚ್-ಫೋರಲ್ಲಿ ಕೆಲಸ ಮಾಡೋ ಹಾಗಿಲ್ಲ ಅಂತ ಮನೇಲಿ ಕೂತು, ಆಮೇಲೆ ನನ್ನ ನೋಡಿದಾಗೆಲ್ಲ ಅದೇ ನೆನಪಾದ್ರೆ?" ಅವನು ಉಸಿರೆಳೆದುಕೊಂಡ. "ಅದಕ್ಕೆ ಆ ಊಟದ ಮಾರನೇ ದಿನಾನೇ ಅಪ್ಲೈ ಮಾಡಿದೆ."

"ಎಲ್ಲಿಗೆ?"

"ಸ್ಟ್ರಾಸ್‌ಬರ್ಗ್ ಆಫೀಸಿಗೆ. ಮೊನ್ನೆ ಒಪ್ಪಿಗೆ ಬಂತು. ಅಕ್ಟೋಬರಿಂದ."

ಮೈತ್ರೇಯಿಗೆ ಕಿವಿ ನಂಬಲಾಗಲಿಲ್ಲ. "ಗ್ರೀನ್ ಕಾರ್ಡು? ಆರು ವರ್ಷದಿಂದ ಸಾಲಲ್ಲಿ ನಿಂತಿದೀರಲ್ಲ!"

"ನಿಂತಿದೀನಿ. ಇನ್ನೆಷ್ಟು ವರ್ಷ ನಿಲ್ಬೇಕೋ ದೇವರಿಗೇ ಗೊತ್ತು. ಸಂಕಟ ಆಗಲ್ಲ ಅಂತ ಸುಳ್ಳು ಹೇಳಲ್ಲ, ಆಗುತ್ತೆ. ಆದ್ರೆ ಈ ಎರಡು ವಾರ ಆದಷ್ಟು ಆಗಲ್ಲ."

"ನಾನು ಇವತ್ತು ಕರೀದೇ ಇದ್ದಿದ್ರೆ?"

"ಅಕ್ಟೋಬರಲ್ಲಿ ಒಂದಿನ ಟ್ರ್ಯಾಮಲ್ಲಿ ನಿಮ್ಮ ಹಿಂದೆ ಬಂದು ಟಿಕೆಟ್ ಕೇಳ್ತಿದ್ದೆ."

ಅವಳು ಅಳುತ್ತಲೇ ನಕ್ಕಳು. ಅವನು ಪರ್ಸಿನಿಂದ ಆ ಸುಕ್ಕಾದ ಟಿಕೆಟ್ ತೆಗೆದು, ಅವಳ ಪಾಸ್‌ಪೋರ್ಟಿನ ಮಧ್ಯೆ, ವೀಸಾ ಪುಟದ ಪಕ್ಕದಲ್ಲಿ ಇಟ್ಟ. "ಇದನ್ನ ಜೋಪಾನವಾಗಿ ಇಟ್ಕೋ. ಮೂರು ತಿಂಗಳು. ಬಂದು ಇಸ್ಕೋತೀನಿ."

ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಕರೆದಿದ್ದ. ಇಬ್ಬರೂ ಗಮನಿಸಿದರು, ಇಬ್ಬರೂ ಗಮನಿಸದವರಂತೆ ನಿಂತರು.

ದೂರದಲ್ಲಿ ಮುಂದಿನ ಟ್ರ್ಯಾಮಿನ ಗಂಟೆ ಕೇಳಿಸಿತು.

"ಇದನ್ನಾದ್ರೂ ಹತ್ತೋಣ್ವಾ?" ಅಂದ ಸಮರ್ಥ.

"ತಡಿ," ಅಂದಳು ಮೈತ್ರೇಯಿ. ಕಂಬದ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಮೆಲ್ಲಗೆ ಅವನ ಜಾಕೆಟ್ಟಿನ ಮೇಲೆ, ಎದೆಯ ಎಡಭಾಗದಲ್ಲಿ ಇಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ.

ಟ್ರ್ಯಾಮು ಬಂದು ನಿಂತಿತು.

"ಏನೋ ಅನ್ಬೇಕಲ್ಲ ನೀನು?"

"ಟಿಂಗ್," ಅಂದ ಅವನು.